ಪರ-ವಿರೋಧ: ಕೊನೆಯ ಪುಟದವರೆಗೂ ಅವಳನ್ನೇ ಅನುಮಾನಿಸಬೇಕೇ?

ಮಾಡದ ಕೊಲೆಯ ಆರೋಪ ಹೊತ್ತ ಹೆಂಗಸಿನ ಕಥೆ. ಸೈಕಲಾಜಿಕಲ್ ಥ್ರಿಲ್ಲರ್‌ಗಳಲ್ಲಿ ಈ ಬಗೆಯದಕ್ಕೆ ಓದುಗರು ಜಾಸ್ತಿ. ಓದಿ ಮುಗಿಸಿದ ಮೇಲೆ ಮಾತ್ರ ಅವರಲ್ಲಿ ಎರಡು ಗುಂಪು. ‘ಕೊನೆಯವರೆಗೂ ಇವಳೇ ಮಾಡಿದ್ದು ಅಂದುಕೊಂಡಿದ್ದೆ, ಎಂಥಾ ಕಥೆ!’ ಎನ್ನುವವರು ಒಂದು ಕಡೆ. ‘ಏನೂ ಮಾಡದವಳನ್ನು ಇಡೀ ಪುಸ್ತಕ ಅಪರಾಧಿಯ ಹಾಗೆ ನೋಡುವಂತೆ ಮಾಡಿದರಲ್ಲ’ ಎಂದು ಬೇಸರಪಡುವವರು ಇನ್ನೊಂದು ಕಡೆ. ಹೀಗೆ ಓದುಗರ ಅನುಮಾನವನ್ನು ಅವಳ ಮೇಲೆಯೇ ತಿರುಗಿಸಿಟ್ಟು ಕಥೆ ಕಟ್ಟುವುದು ಸರಿಯೇ? ಇಬ್ಬರು ಓದುಗರಿಗೆ ಒಂದೊಂದು ಪಾಲು ಕೊಟ್ಟು ಬರೆಯಲು ಕೇಳಿದೆವು.

ಪರ: ಅನುಮಾನ ತೆಗೆದರೆ ಕಥೆ ಎಲ್ಲಿ ಉಳಿಯುತ್ತದೆ?

‘ಹೌದು, ಸರಿ’ ಎನ್ನುವ ಪಾಲು ನನಗೆ ಬಂದಿದೆ. ಅದನ್ನು ನೂರಕ್ಕೆ ನೂರು ಒಪ್ಪುತ್ತೇನೆ ಎನ್ನಲಾರೆ. ಓದುಗರನ್ನು ಸುಮ್ನೆ ದಾರಿ ತಪ್ಪಿಸುವ ಕಾದಂಬರಿಗಳು ಬೇಕಾದಷ್ಟಿವೆ. ಅವುಗಳ ಪರವಾಗಿ ನಾನು ನಿಲ್ಲುವುದಿಲ್ಲ. ಆದರೆ ನೆಟ್ಟಗೆ ಬರೆದ ಕಥೆಯಲ್ಲಿ ನಾಯಕಿಯ ಮೇಲೂ ಅನುಮಾನ ಬರಬೇಕೇ ಎಂದು ಕೇಳಿದರೆ, ಬರಲೇಬೇಕು.

ಆ ಅನುಮಾನ ತೆಗೆದು ನೋಡಿ. ಮೊದಲ ಅಧ್ಯಾಯದಲ್ಲೇ ಅವಳು ಏನೂ ಮಾಡಿಲ್ಲ ಎಂದು ನಮಗೆ ಗೊತ್ತು. ಅಲ್ಲಿಂದ ಮುಂದೆ ಪೊಲೀಸರು ಕೆಟ್ಟವರು, ಸಾಕ್ಷಿ ಹೇಳುವವರು ಸುಳ್ಳರು, ವಕೀಲ ದಡ್ಡ. ನಾವು ಮಾತ್ರ ಒಳ್ಳೆಯವರು. ಪುಟ ತಿರುವುತ್ತಾ ‘ಅಯ್ಯೋ ಪಾಪ’ ಎನ್ನುವುದು ಬಿಟ್ಟರೆ ನಮಗೆ ಅಲ್ಲಿ ಬೇರೆ ಕೆಲಸವಿಲ್ಲ. ಅದು ಕಣ್ಣೀರಿನ ಕಥೆ. ಕಣ್ಣೀರಿನ ಕಥೆಗಳ ಮೇಲೆ ನನಗೆ ತಕರಾರಿಲ್ಲ. ಆದರೆ ಥ್ರಿಲ್ಲರ್ ಎಂದು ಕೈಗೆತ್ತಿಕೊಂಡವರಿಗೆ ಅದು ಸಾಲುವುದಿಲ್ಲ.

ಇಂಥ ಕಾದಂಬರಿಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಬರುತ್ತದೆ. ವಿಚಾರಣೆಯ ಕೋಣೆ, ಮೇಜಿನ ಮೇಲೆ ರೆಕಾರ್ಡರ್. ಅವಳು ನೀರು ಕೇಳುತ್ತಾಳೆ. ಲೋಟ ಹಿಡಿದಾಗ ಹೆಬ್ಬೆರಳಿನ ಮೇಲೆ ಬ್ಯಾಂಡೇಜ್ ಕಾಣುತ್ತದೆ. ಆ ರಾತ್ರಿ ಎಲ್ಲಿದ್ರಿ ಎಂದರೆ ‘ಮನೇಲೇ ಮಲಗಿದ್ದೆ’ ಎನ್ನುತ್ತಾಳೆ. ಮುಂದಿನ ಅಧ್ಯಾಯದಲ್ಲಿ ಅವಳ ಚಪ್ಪಲಿ ಒದ್ದೆಯಾಗಿತ್ತು ಎಂದು ಗೊತ್ತಾಗುತ್ತದೆ. ಅಷ್ಟು ಸಾಕು, ನಾವು ತೀರ್ಪು ಬರೆದಾಯಿತು. ಆಮೇಲೆ ಸತ್ಯ ಹೊರಬೀಳುತ್ತದೆ. ಅವಳು ಹೊರಗೆ ಹೋಗಿದ್ದು ನಿಜ, ಆದರೆ ಯಾರನ್ನೋ ಕಾಪಾಡಲು ಅದನ್ನು ಮುಚ್ಚಿಟ್ಟಿದ್ದಳು. ಆಗ ಹಿಂದಕ್ಕೆ ಹೋಗಿ ಆ ದೃಶ್ಯ ಮತ್ತೆ ಓದಿ. ಬ್ಯಾಂಡೇಜ್ ಇದೆ ಎಂದಷ್ಟೇ ಅಲ್ಲಿ ಬರೆದಿದೆ. ಅದನ್ನು ಚಾಕುವಿಗೆ ಜೋಡಿಸಿದ್ದು ನಾವು. ಲೇಖಕರು ಎಲ್ಲೂ ಸುಳ್ಳು ಹೇಳಿಲ್ಲ. ಇಷ್ಟು ಚಿಕ್ಕ ಸುಳಿವಿನ ಮೇಲೆ ಒಬ್ಬ ಮನುಷ್ಯಳನ್ನು ಜೈಲಿಗೆ ಕಳಿಸಲು ನಾವು ತಯಾರಿದ್ದೆವು ಎಂಬುದು ಆಗ ಚುರುಕ್ಕೆನ್ನುತ್ತದೆ. ಅವಳು ನಿರಪರಾಧಿ ಎಂದು ಮೊದಲೇ ಹೇಳಿಬಿಟ್ಟ ಕಥೆ ಈ ಕೆಲಸ ಮಾಡಲಾರದು.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ. ಆರೋಪ ಹೊತ್ತವರು ಕೆಲವು ಸಲ ತಮ್ಮನ್ನೇ ತಾವು ಅನುಮಾನಿಸಲು ಶುರು ಮಾಡುತ್ತಾರೆ. ಐಸ್ಲ್ಯಾಂಡಿನಲ್ಲಿ 1974ರಲ್ಲಿ ಇಬ್ಬರು ಗಂಡಸರು ಬೇರೆ ಬೇರೆ ಸಮಯದಲ್ಲಿ ಕಾಣೆಯಾದರು. ಶವ ಸಿಗಲಿಲ್ಲ. ಪೊಲೀಸರು ಕೆಲವು ಯುವಕ ಯುವತಿಯರನ್ನು ಹಿಡಿದು ತಿಂಗಳುಗಟ್ಟಲೆ ಒಂಟಿ ಕೋಣೆಯಲ್ಲಿಟ್ಟರು. ಅವರು ತಪ್ಪೊಪ್ಪಿಕೊಂಡರು. ಅದರಲ್ಲಿ ಕೆಲವರಿಗೆ ನಿಜವಾಗಿಯೂ ‘ನಾನೇ ಮಾಡಿರಬೇಕು, ನೆನಪಿಲ್ಲ ಅಷ್ಟೇ’ ಎನ್ನಿಸಿಬಿಟ್ಟಿತ್ತು. ಅದೇ ದೇಶದಲ್ಲಿ ಹುಟ್ಟಿದ ಮನಶ್ಶಾಸ್ತ್ರಜ್ಞ ಗೀಸ್ಲಿ ಗುಡ್ಯೋನ್ಸನ್, ಹೀಗೆ ತನ್ನ ನೆನಪಿನ ಮೇಲೆ ತನಗೇ ನಂಬಿಕೆ ಹೋಗುವ ಸ್ಥಿತಿಯ ಬಗ್ಗೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐವರನ್ನು ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ನಾಲ್ಕು ದಶಕ ದಾಟಿತ್ತು.

ಅಂಥ ತಲೆಯೊಳಗೆ ಕೂತು ಕಥೆ ಹೇಳಬೇಕೆಂದರೆ ಹೇಗೆ ಹೇಳುತ್ತೀರಿ? ಅವಳಿಗೇ ಗೊತ್ತಿಲ್ಲದ್ದು ನಮಗೆ ಹೇಗೆ ಗೊತ್ತಾಗಬೇಕು? ಅವಳು ಬೆಳಗಿನ ಜಾವ ಎದ್ದು ಕೂತು ‘ನಾನು ಮಾಡಿರಬಹುದೇ’ ಎಂದು ಕೇಳಿಕೊಳ್ಳುವಾಗ, ನಮಗೆ ಉತ್ತರ ಮೊದಲೇ ಗೊತ್ತಿದ್ದರೆ ನಾವು ಅವಳ ಪಕ್ಕದಲ್ಲಿಲ್ಲ, ಗಾಜಿನ ಆಚೆ ನಿಂತು ನೋಡುತ್ತಿದ್ದೇವೆ. ಅನುಮಾನ ಇಲ್ಲಿ ಲೇಖಕರ ಚಮತ್ಕಾರವಲ್ಲ. ಅದು ಅವಳ ಪಾಡು. ಅದರಲ್ಲಿ ನಮಗೂ ಪಾಲು ಬರಲಿ.

ಬೇಡ ಎನ್ನುವವರ ವಾದ ನಾನು ಕೇಳಿದ್ದೇನೆ. ಅವರ ಲೆಕ್ಕದಲ್ಲಿ ಆರೋಪಿಯ ಹಣೆಯ ಮೇಲೆ ‘ಇವಳು ಒಳ್ಳೆಯವಳು’ ಎಂದು ಬರೆದು ಕಥೆಯೊಳಕ್ಕೆ ಬಿಡಬೇಕು. ಅವಳು ಕುಡಿಯಬಾರದು, ಸುಳ್ಳು ಹೇಳಬಾರದು, ಯಾರ ಮೇಲೂ ರೇಗಬಾರದು. ಹಾಗಾದರೆ ತಪ್ಪಾಗಿ ಆರೋಪ ಹೊರುವ ಹಕ್ಕು ಕೂಡ ಸಾಧ್ವಿಯರಿಗೆ ಮಾತ್ರ ಎಂದಂತಾಯಿತು. ನನಗೆ ಇಷ್ಟವಾಗುವ ನಾಯಕಿಯರು ಸುಳ್ಳು ಹೇಳುತ್ತಾರೆ, ಮರೆಯುತ್ತಾರೆ, ಕೆಟ್ಟ ನಿರ್ಧಾರ ಮಾಡುತ್ತಾರೆ. ಆದರೂ ಕೊಲೆ ಮಾಡಿಲ್ಲ. ಈ ಎರಡೂ ಒಟ್ಟಿಗೆ ಇರಬಹುದು ಎಂದು ತೋರಿಸಲು ಕಾದಂಬರಿಯಷ್ಟು ಜಾಗ ಬೇಕೇ ಬೇಕು.

ನಿಜ ಜೀವನದಲ್ಲಿ ಹೆಂಗಸರು ಹೀಗೆ ಜೈಲು ಸೇರಿದ್ದಾರಲ್ಲ ಎಂದು ಕೇಳುತ್ತಾರೆ. ಸೇರಿದ್ದಾರೆ. ಅದು ಪೊಲೀಸು, ಕೋರ್ಟು, ಪತ್ರಿಕೆಗಳು ಉತ್ತರ ಕೊಡಬೇಕಾದ ವಿಷಯ. ಕಾದಂಬರಿ ಯಾರಿಗೂ ಕೈಕೋಳ ತೊಡಿಸಿಲ್ಲ.

ಇನ್ನು ನಾನು ಅರ್ಧ ಮನಸ್ಸಿನಲ್ಲಿ ನಿಂತಿರುವ ಜಾಗ. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮ ಬರೆದರು. ಅವರು ಪಾದ್ರಿ, ತಾವೇ ಪತ್ತೇದಾರಿ ಕಥೆ ಬರೆಯುತ್ತಿದ್ದವರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು ಎನ್ನುವುದು ಅದರಲ್ಲೊಂದು. ಈಗಿನ ಎಷ್ಟೋ ಥ್ರಿಲ್ಲರ್‌ಗಳಲ್ಲಿ ‘ನಾನು’ ಎಂದು ಕಥೆ ಹೇಳುವವಳಿಗೆ ಎಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ನಮ್ಮಿಂದ ಬಚ್ಚಿಡುತ್ತಾಳೆ. ಬಚ್ಚಿಡಲು ಕಾರಣ ಕೊನೆಯ ತಿರುವು ಬಿಟ್ಟು ಬೇರೇನೂ ಇಲ್ಲ. ಅದು ಮೋಸ. ಅಂಥ ಪುಸ್ತಕ ಓದಿ ಸಿಟ್ಟಾದ ಓದುಗರ ಜೊತೆ ನಾನೂ ಸೇರುತ್ತೇನೆ. ಆದರೆ ಅದು ಕೆಟ್ಟ ಬರವಣಿಗೆಯ ಮೇಲಿನ ದೂರು, ಅನುಮಾನದ ಮೇಲಿನ ದೂರಲ್ಲ.

ವಿರೋಧ: ಅಳದಿದ್ದರೂ ತಪ್ಪು, ಅತ್ತರೂ ತಪ್ಪು

1980ರ ಆಗಸ್ಟ್ 17ರ ರಾತ್ರಿ ಆಸ್ಟ್ರೇಲಿಯಾದ ಉಲುರು ಬಂಡೆಯ ಹತ್ತಿರ ಟೆಂಟಿನಲ್ಲಿ ಮಲಗಿದ್ದ ಹಸುಗೂಸನ್ನು ಡಿಂಗೊ ಎಂಬ ಕಾಡುನಾಯಿ ಎತ್ತಿಕೊಂಡು ಹೋಯಿತು. ಕೂಸಿನ ಹೆಸರು ಅಜಾರಿಯಾ. ತಾಯಿ ಲಿಂಡಿ ಚೇಂಬರ್ಲೇನ್ ಆ ಕ್ಷಣವೇ ಕೂಗಿ ಹೇಳಿದರು, ಡಿಂಗೊ ಕೊಂಡೊಯ್ಯಿತು ಎಂದು. ಸಾವಿನ ಮೊದಲ ವಿಚಾರಣೆ ನಡೆಸಿದ ಕೊರೋನರ್ ಅದನ್ನು ಒಪ್ಪಿದರು. ಜನ ಒಪ್ಪಲಿಲ್ಲ. ಯಾಕೆ? ಲಿಂಡಿ ಟಿವಿ ಕ್ಯಾಮೆರಾ ಮುಂದೆ ಅಳಲಿಲ್ಲ. ನಾಯಿ ಕೂಸನ್ನು ಹೇಗೆ ಹಿಡಿದಿರಬಹುದು ಎಂದು ತಣ್ಣಗೆ ವಿವರಿಸಿದರು. ಕೋರ್ಟಿಗೆ ನೀಟಾಗಿ ಬಟ್ಟೆ ಹಾಕಿಕೊಂಡು ಬಂದರು. ಮಗು ಸತ್ತ ತಾಯಿ ಹೀಗಿರುತ್ತಾಳಾ ಎಂದು ಇಡೀ ದೇಶ ಕೇಳಿತು. 1982ರ ಅಕ್ಟೋಬರ್‌ನಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಆಗ ಅವರು ತುಂಬು ಗರ್ಭಿಣಿ. ಮುಂದಿನ ತಿಂಗಳು ಸೆರೆಯಲ್ಲಿದ್ದಾಗಲೇ ಮಗಳು ಹುಟ್ಟಿದಳು.

ಕಾರಿನಲ್ಲಿ ಕೂಸಿನ ರಕ್ತ ಸಿಕ್ಕಿದೆ ಎಂದು ಕೋರ್ಟಿನಲ್ಲಿ ತಜ್ಞರು ಹೇಳಿದ್ದರು. ಅದು ಸದ್ದು ತಡೆಯಲು ಕಾರಿನ ಒಳಭಾಗಕ್ಕೆ ಸಿಂಪಡಿಸುವ ವಸ್ತುವಿನ ಕಲೆ ಎಂದು ಆಮೇಲೆ ಗೊತ್ತಾಯಿತು. 1986ರಲ್ಲಿ ಬಂಡೆಯಿಂದ ಬಿದ್ದು ಸತ್ತ ಪ್ರವಾಸಿಯೊಬ್ಬನ ದೇಹ ಹುಡುಕುವಾಗ, ಡಿಂಗೊಗಳ ಬಿಲದ ಹತ್ತಿರ ಕೂಸಿನ ಜಾಕೆಟ್ ಸಿಕ್ಕಿತು. ಕೂಸು ತೊಟ್ಟಿತ್ತು ಎಂದು ತಾಯಿ ಮೊದಲಿನಿಂದಲೂ ಹೇಳುತ್ತಿದ್ದ ಜಾಕೆಟ್. ಲಿಂಡಿ ಹೊರಬಂದರು. 1988ರಲ್ಲಿ ಶಿಕ್ಷೆ ರದ್ದಾಯಿತು. ಸಾವಿಗೆ ಡಿಂಗೊ ಕಾರಣ ಎಂದು ಸರ್ಕಾರಿ ಕಾಗದದ ಮೇಲೆ ಬರೆಯಲು 2012ರವರೆಗೆ ಕಾಯಬೇಕಾಯಿತು.

ಈಗ ಒಂದು ಥ್ರಿಲ್ಲರ್ ತೆಗೆದುಕೊಳ್ಳಿ. ಅವಳ ಮೇಲೆ ನಮಗೆ ಅನುಮಾನ ಹುಟ್ಟಿಸಲು ಲೇಖಕರು ಏನೇನು ಬಳಸುತ್ತಾರೆ? ಅವಳು ಅಳುವುದಿಲ್ಲ. ಅಥವಾ ಜಾಸ್ತಿ ಅಳುತ್ತಾಳೆ. ಕುಡಿಯುತ್ತಾಳೆ. ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾಳೆ. ಮಗುವಿನ ಮೇಲೆ ಒಂದು ಸಲ ಕಿರುಚಿದ್ದಳು. ಗಂಡನ ಜೊತೆ ಜಗಳವಾಡಿದ್ದು ಪಕ್ಕದ ಮನೆಯವರಿಗೆ ಕೇಳಿಸಿತ್ತು. ಬಾಗಿಲ ಹಿಡಿಯ ಮೇಲೆ ಬೆರಳಚ್ಚು ಇತ್ತೋ ಇಲ್ಲವೋ ಎನ್ನುವುದಕ್ಕೆ ಒಂದು ಸಾಲು. ಅವಳ ಮುಖಕ್ಕೆ ಹತ್ತು ಪುಟ. ನನ್ನ ವಿರೋಧ ಇರುವುದು ಇಲ್ಲಿ. ಇಂಥ ಕಥೆಗಳು ನಮ್ಮ ಕೈಗೆ ಕೊಡುವುದು ಸಾಕ್ಷಿಯಲ್ಲ, ನಡವಳಿಕೆ. ನಡವಳಿಕೆಯಿಂದ ಅಪರಾಧ ಓದುವ ಅಭ್ಯಾಸ ಜನಕ್ಕೆ ಮೊದಲೇ ಇದೆ. ಈ ಪುಸ್ತಕಗಳು ಅದಕ್ಕೆ ದಿನಾ ಕಸರತ್ತು ಮಾಡಿಸುತ್ತವೆ.

ಬ್ಯಾಂಡೇಜನ್ನು ಚಾಕುವಿಗೆ ಜೋಡಿಸಿದ್ದು ನಾವೇ, ಲೇಖಕರಲ್ಲ ಎಂದು ಪರವಾಗಿ ಬರೆಯುವವರು ಹೇಳುತ್ತಾರೆ. ಹಾಗಾದರೆ ಆ ಬ್ಯಾಂಡೇಜನ್ನು ಅಲ್ಲಿ ಸುತ್ತಿದ್ದು ಯಾರು?

ಇದು ನನಗೆ ಪುಸ್ತಕದ ಚರ್ಚೆ ಮಾತ್ರ ಆಗಿ ಉಳಿದಿಲ್ಲ. ನನ್ನ ಅಕ್ಕ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸಕ್ಕಿದ್ದಳು. ಸಂಜೆ ಹಣ ಎಣಿಸಿ, ಯಾವ ನೋಟು ಎಷ್ಟು ಎಂದು ಚೀಟಿಯಲ್ಲಿ ಬರೆದು, ತಿಜೋರಿಯಲ್ಲಿಟ್ಟು ಬೀಗ ಹಾಕುವುದು ಅವಳ ಕೆಲಸ. ಎರಡು ಬೀಗದ ಕೈ. ಒಂದು ಅವಳ ಹತ್ತಿರ, ಇನ್ನೊಂದು ಮ್ಯಾನೇಜರ್ ಹತ್ತಿರ. ಒಂದು ಸಂಜೆ ಕ್ಯಾಶ್ ಬುಕ್ಕಿನ ಬಾಕಿಗೂ ಕೈಯಲ್ಲಿದ್ದ ಹಣಕ್ಕೂ ತಾಳೆಯಾಗಲಿಲ್ಲ. ಕಡಿಮೆಯಾಗಿದ್ದು ಸಣ್ಣ ಮೊತ್ತವಲ್ಲ. ಅವಳೇ ಹೋಗಿ ಹೇಳಿದಳು.

ಅವಳನ್ನು ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳಿದರು. ಹೆದರಿದಾಗ ನನ್ನ ಅಕ್ಕನ ದನಿ ತಗ್ಗುತ್ತದೆ, ಮಾತು ನಿಧಾನವಾಗುತ್ತದೆ. ಮನೆಯಲ್ಲಿ ನಮಗೆಲ್ಲ ಅದು ಗೊತ್ತು. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಿಜಿಸ್ಟರ್ ತೆರೆದು, ಸಾಲಿನ ಮೇಲೆ ಬೆರಳಿಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಅಳಲಿಲ್ಲ. ಮರುದಿನ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದಳು. ಮಧ್ಯಾಹ್ನ ಡಬ್ಬಿ ತೆರೆದು ಊಟ ಮಾಡಿದಳು. ‘ನೋಡ್ರೀ, ಎಷ್ಟು ಗಟ್ಟಿ ಹೆಂಗಸು! ಬೇರೆಯವರಾಗಿದ್ರೆ ಅನ್ನ ಇಳೀತಿತ್ತಾ?’ ಎಂದು ಪಕ್ಕದ ಮೇಜಿನವರು ಆಡಿದ್ದು ಅವಳ ಕಿವಿಗೇ ಬಿತ್ತು. ಆಮೇಲೊಂದು ದಿನ ಅವಳು ಬಾತ್‌ರೂಮಿನಲ್ಲಿ ಅತ್ತು, ಮುಖ ತೊಳೆದುಕೊಂಡು ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. ‘ಈಗ ಹೆದರಿಕೆ ಶುರುವಾಯ್ತು ನೋಡಿ’ ಎಂದರು. ಅಳದಿದ್ದಾಗ ಕಳ್ಳಿ, ಅತ್ತಾಗಲೂ ಕಳ್ಳಿ. ಅವಳು ಯಾವ ಮುಖ ಇಟ್ಟುಕೊಂಡು ಬರಬೇಕಿತ್ತು?

ಇಷ್ಟೆಲ್ಲ ಆಗುವಾಗ ವೋಚರ್ ಪುಸ್ತಕವನ್ನು, ಅಂದರೆ ಹಣ ಕೊಟ್ಟದ್ದಕ್ಕೆ ಸಹಿ ಹಾಕಿಸಿಟ್ಟ ಚೀಟಿಗಳ ಪುಸ್ತಕವನ್ನು, ಯಾರೂ ತೆರೆಯಲಿಲ್ಲ. ನನ್ನ ಸಿಟ್ಟು ಇವತ್ತಿಗೂ ಇಳಿಯದಿರುವುದು ಅದಕ್ಕೇ. ವರ್ಷದ ಲೆಕ್ಕ ನೋಡಲು ಬಂದ ಆಡಿಟರ್ ಒಂದೊಂದೇ ಹಾಳೆ ತಿರುವಿದರು. ಎರಡು ಹಾಳೆ ಅಂಟಿಕೊಂಡಿದ್ದವು. ಬಿಡಿಸಿದರೆ ಒಳಗೆ ಒಂದು ವೋಚರ್. ಸಾಮಾನು ತಂದುಕೊಟ್ಟವರಿಗೆ ನಗದು ಕೊಟ್ಟದ್ದು. ಹಣ ಪಡೆದವರ ಸಹಿ ಇತ್ತು, ಮ್ಯಾನೇಜರ್ ಸಹಿಯೂ ಇತ್ತು. ಕ್ಯಾಶ್ ಬುಕ್ಕಿಗೆ ಮಾತ್ರ ಏರಿರಲಿಲ್ಲ. ಹಿಂದೆ ಅಕ್ಕ ರಜೆಯಲ್ಲಿದ್ದ ದಿನ ಅವಳ ಜಾಗದಲ್ಲಿ ಕೂತವರು ಬರೆಯುವುದನ್ನು ಬಿಟ್ಟಿದ್ದರು. ಆಮೇಲಿನ ದಿನಗಳಲ್ಲಿ ಬ್ಯಾಂಕಿನಿಂದ ತಂದ ಹಣದ ಜೊತೆ ಕಲೆತು ಆ ಕೊರತೆ ತಡವಾಗಿ ಕಂಡಿತ್ತು. ಕಡಿಮೆಯಾಗಿದ್ದ ಮೊತ್ತ, ವೋಚರಿನ ಮೊತ್ತ, ಪೈಸೆಗೆ ಪೈಸೆ ಒಂದೇ. ಕಳ್ಳತನವೇ ಆಗಿರಲಿಲ್ಲ.

‘ಸರಿ, ಲೆಕ್ಕ ಸಿಕ್ತಲ್ಲ’ ಎಂದರು ಮ್ಯಾನೇಜರ್. ಅಷ್ಟೇ. ತಪ್ಪಾಯಿತಮ್ಮಾ ಎಂದು ಒಬ್ಬರೂ ಹೇಳಲಿಲ್ಲ. ಅವಳು ಬೇರೆ ಕೆಲಸ ಹುಡುಕಿಕೊಂಡಳು. ಅಲ್ಲಿಗೆ ಹೋಗುವ ಮೊದಲೇ ಅಲ್ಲಿನವರ ಕಿವಿಗೆ ಕಥೆ ಮುಟ್ಟಿತ್ತು. ಕಥೆ ಮುಟ್ಟಿತ್ತು, ವೋಚರ್ ಮುಟ್ಟಿರಲಿಲ್ಲ.

ಅಕ್ಕ ಈಗಲೂ ಥ್ರಿಲ್ಲರ್ ಓದುತ್ತಾಳೆ. ಕೊನೆಯ ಅಧ್ಯಾಯ ಮೊದಲು ಓದುತ್ತಾಳೆ. ನಾಯಕಿ ಮಾಡಿಲ್ಲ ಎಂದು ಖಾತ್ರಿಯಾದ ಮೇಲೆ ಮೊದಲ ಪುಟಕ್ಕೆ ಬರುತ್ತಾಳೆ. ‘ಮಜಾ ಹೋಗಲ್ವೇನೇ ಅಕ್ಕಾ?’ ಎಂದು ಕೇಳಿದ್ದೆ. ‘ಚೆನ್ನಾಗಿ ಬರೆದಿದ್ರೆ ಹೋಗಲ್ಲ’ ಎಂದಳು. ಅವಳ ಮಾತಿಗೆ ಆಧಾರ ಇದೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಇಬ್ಬರು ಮನಶ್ಶಾಸ್ತ್ರಜ್ಞರು ಓದುಗರಿಗೆ ಸಣ್ಣ ಕಥೆಗಳನ್ನು ಕೊಟ್ಟರು. ಕೆಲವರಿಗೆ ಕೊನೆ ಏನು ಎಂದು ಮೊದಲೇ ಹೇಳಿದರು. ಆ ಪ್ರಯೋಗದಲ್ಲಿ ಕೊನೆ ಗೊತ್ತಿದ್ದವರೇ ಕಥೆಗಳನ್ನು ಹೆಚ್ಚು ಮೆಚ್ಚಿದರು. ಕೊನೆಯಲ್ಲಿ ತಿರುವು ಇರುವ ಕಥೆಗಳೂ, ಪತ್ತೇದಾರಿ ಕಥೆಗಳೂ ಅದರಲ್ಲಿದ್ದವು. ಗುಟ್ಟು ಬಿಟ್ಟರೆ ಥ್ರಿಲ್ಲರ್ ಸತ್ತಿತು ಎನ್ನುವವರು ಇದನ್ನು ಗಮನಿಸಬೇಕು.

ನಿರಪರಾಧಿ ಎಂದು ಮೊದಲೇ ಗೊತ್ತಾದರೆ ಕಥೆ ಬರೀ ಕಣ್ಣೀರು ಎನ್ನುವ ಮಾತೂ ಸುಳ್ಳು. ಡೊರೊಥಿ ಸೇಯರ್ಸ್ 1930ರಲ್ಲಿ ‘ಸ್ಟ್ರಾಂಗ್ ಪಾಯ್ಸನ್’ ಬರೆದರು. ಮಾಜಿ ಪ್ರಿಯಕರನಿಗೆ ಆರ್ಸೆನಿಕ್ ಹಾಕಿ ಕೊಂದಳು ಎಂಬ ಆರೋಪ ಹ್ಯಾರಿಯೆಟ್ ವೇನ್ ಮೇಲೆ. ಕಥೆ ಶುರುವಾಗುವುದೇ ನ್ಯಾಯಾಧೀಶರು ಜ್ಯೂರಿಗೆ, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ಗುಂಪಿಗೆ, ಕೇಸನ್ನು ವಿವರಿಸುವಲ್ಲಿಂದ. ಎಲ್ಲ ಸಾಕ್ಷಿ ಅವಳ ವಿರುದ್ಧ. ಆದರೆ ಪತ್ತೇದಾರ ಮೊದಲ ದಿನವೇ ಅವಳನ್ನು ನಂಬುತ್ತಾನೆ, ಅವನ ಜೊತೆ ನಾವೂ. ಜ್ಯೂರಿಯಲ್ಲಿ ಒಮ್ಮತ ಬರುವುದಿಲ್ಲ, ಮತ್ತೊಂದು ವಿಚಾರಣೆಗೆ ಸ್ವಲ್ಪ ಸಮಯ ಸಿಗುತ್ತದೆ. ಅಷ್ಟರೊಳಗೆ ವಿಷ ಹೊಟ್ಟೆಗೆ ಹೇಗೆ ಹೋಯಿತು ಎಂದು ಕಂಡುಹಿಡಿಯದಿದ್ದರೆ ಅವಳಿಗೆ ಗಲ್ಲು. ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ. ಅವಳ ಬುದ್ಧಿ ಸರಿಯಿದೆಯೇ, ಅವಳು ಒಳ್ಳೆಯವಳೇ ಎಂದು ನಮ್ಮನ್ನು ಕುಟುಕುತ್ತಾ ಕೂರದೆಯೇ ಇದು ಆಗಿದೆ. ಎಲ್ಲ ಕಣ್ಣೂ ಆರ್ಸೆನಿಕ್ ಮೇಲೆ.

ಗಂಡಸಿನ ಮೇಲೆ ಸುಳ್ಳು ಆರೋಪ ಬರುವ ಥ್ರಿಲ್ಲರ್‌ಗಳನ್ನು ನೆನಪಿಸಿಕೊಳ್ಳಿ. ಜಾನ್ ಬಕನ್ 1915ರಲ್ಲಿ ಬರೆದ ‘ದಿ ಥರ್ಟಿ-ನೈನ್ ಸ್ಟೆಪ್ಸ್’ನಲ್ಲಿ ನಾಯಕನ ಮನೆಯಲ್ಲೇ ಒಬ್ಬನ ಕೊಲೆಯಾಗುತ್ತದೆ. ಪೊಲೀಸರು ಬೆನ್ನು ಹತ್ತುತ್ತಾರೆ. ಅವನೇ ‘ನಾನು’ ಎಂದು ಕಥೆ ಹೇಳುತ್ತಾನೆ, ನಾವು ಒಂದು ಕ್ಷಣವೂ ಅವನನ್ನು ಅನುಮಾನಿಸುವುದಿಲ್ಲ. ಅವನು ಓಡಿದರೆ ನಾವೂ ಓಡುತ್ತೇವೆ. ಆ ಬಗೆಯ ಕಥೆಗಳು ಆಮೇಲೆ ಎಷ್ಟು ಬಂದವು! ಆರೋಪ ಹೊತ್ತು ಓಡುವ ಗಂಡಸಿಗೆ ನಮ್ಮ ನಂಬಿಕೆ ಸಾಮಾನ್ಯವಾಗಿ ಪುಕ್ಕಟೆ ಸಿಗುತ್ತದೆ. ಅದೇ ಆರೋಪ ಹೆಂಗಸಿನ ಮೇಲೆ ಬಂದರೆ ಕಥೆ ಅವಳ ತಲೆಯೊಳಕ್ಕೆ ನುಗ್ಗಿ, ಇದು ನೆಟ್ಟಗಿದೆಯಾ ಎಂದು ಬಡಿದು ನೋಡಲು ಶುರು ಮಾಡುತ್ತದೆ. ಈ ವ್ಯತ್ಯಾಸ ಯಾಕೆ ಎಂದು ಪರವಾಗಿ ಬರೆಯುವವರು ಹೇಳಲಿ.

ಐಸ್ಲ್ಯಾಂಡಿನ ಉದಾಹರಣೆ ಕೊಡುತ್ತಾರೆ. ಕೊಲೆಯ ಆರೋಪದಿಂದ ಬಿಡುಗಡೆಯಾದ ಆ ಐವರೂ ಗಂಡಸರು. ಅವರನ್ನು ಹಾಗೆ ಮಾಡಿದ್ದು ಒಂಟಿ ಕೋಣೆ. ನಮ್ಮ ಥ್ರಿಲ್ಲರ್‌ಗಳಲ್ಲಿ ಅವಳು ತನ್ನನ್ನೇ ಅನುಮಾನಿಸಲು ಒಂಟಿ ಕೋಣೆ ಬೇಕಿಲ್ಲ, ಹೆಂಗಸಾಗಿದ್ದರೆ ಸಾಕು.

ಇಂಥ ಕಥೆಗಳು ಬಳಸುವ ಇನ್ನೊಂದು ಸಾಧನ ಡೈರಿ. ಕಥೆಯ ಮಧ್ಯೆ ಅವಳ ಡೈರಿ ಸಿಕ್ಕಿ, ಅದರಲ್ಲೊಂದು ಸಾಲು ಓದಿ ನಾವು ಬೆಚ್ಚಿಬೀಳುವುದು ಈ ಬಗೆಯ ಕಾದಂಬರಿಗಳಲ್ಲಿ ಮಾಮೂಲಿ. ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್ ಅವರ ನಾಲ್ಕು ಮಕ್ಕಳು 1989ರಿಂದ 1999ರ ಒಳಗೆ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಸಿರುಗಟ್ಟಿಸಿದ ಗುರುತು ಯಾವ ಮಗುವಿನ ಮೇಲೂ ಇರಲಿಲ್ಲ. ಆದರೆ ಡೈರಿ ಇತ್ತು. ಮಕ್ಕಳು ಉಳಿಯದಿದ್ದುದಕ್ಕೆ ತನ್ನನ್ನೇ ಹಳಿದುಕೊಂಡ ತಾಯಿಯ ಬರಹವನ್ನು ತಪ್ಪೊಪ್ಪಿಗೆ ಎಂದು ಓದಿದರು. 2003ರಲ್ಲಿ ಶಿಕ್ಷೆಯಾಯಿತು. ಆಮೇಲೆ ವಿಜ್ಞಾನಿಗಳು ಇಬ್ಬರು ಹೆಣ್ಣುಮಕ್ಕಳಲ್ಲಿ ಹೃದಯ ಹಠಾತ್ತನೆ ನಿಲ್ಲಿಸಬಹುದಾದ ಒಂದು ವಂಶವಾಹಿ ದೋಷ ಕಂಡುಹಿಡಿದರು. ಇಪ್ಪತ್ತು ವರ್ಷ ಒಳಗಿದ್ದ ಮೇಲೆ 2023ರ ಜೂನ್‌ನಲ್ಲಿ ಕ್ಷಮಾದಾನ ಸಿಕ್ಕಿತು, ಡಿಸೆಂಬರ್‌ನಲ್ಲಿ ಶಿಕ್ಷೆ ರದ್ದಾಯಿತು. ಅದೇ ಡೈರಿಯನ್ನು ಮರುವಿಚಾರಣೆಯಲ್ಲಿ ಓದಿದ ಮನೋತಜ್ಞರು ಅದರಲ್ಲಿ ದುಃಖ ಕಂಡರು, ಕೊಲೆ ಕಾಣಲಿಲ್ಲ.

ನೆದರ್‌ಲ್ಯಾಂಡ್ಸ್‌ನ ನರ್ಸ್ ಲೂಸಿಯಾ ಡಿ ಬರ್ಕ್ ಅವರದ್ದೂ ಹೀಗೇ. ರೋಗಿಯೊಬ್ಬರು ತೀರಿಕೊಂಡ ದಿನ ಅವರು ಡೈರಿಯಲ್ಲಿ ತನಗಿರುವ ಗೀಳಿಗೆ ಸೋತೆ ಎಂದು ಬರೆದಿದ್ದರು. ಭವಿಷ್ಯ ಹೇಳುವ ಟಾರೋ ಕಾರ್ಡ್ ನೋಡುವ ಗೀಳು ಅದು ಎಂದು ಅವರು ಹೇಳಿದರು. ಕೊಲ್ಲುವ ಗೀಳು ಎಂದು ಕೋರ್ಟ್ ಓದಿತು. 2003ರಲ್ಲಿ ಜೀವಾವಧಿ, 2010ರಲ್ಲಿ ಖುಲಾಸೆ. ಕಾದಂಬರಿ ಯಾರಿಗೂ ಕೈಕೋಳ ತೊಡಿಸಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಡೈರಿಯ ಒಂದು ಸಾಲು ಎಂದರೆ ರಹಸ್ಯದ ಕೀಲಿ ಎಂದು ಜನರಿಗೆ ಹೇಳಿಕೊಟ್ಟವರು ಯಾರು? ಜ್ಯೂರಿಯಲ್ಲಿ ಕೂರುವವರೂ ಕಥೆ ಓದಿಯೇ ಬಂದಿರುತ್ತಾರೆ ಅಲ್ವಾ?

ಅನುಮಾನಿಸಿದ್ದಕ್ಕೆ ಓದುಗರಿಗೆ ಕೊನೆಯಲ್ಲಿ ಚುರುಕ್ಕೆನ್ನುತ್ತದಂತೆ. ನನ್ನ ಸುತ್ತ ಇಂಥ ಪುಸ್ತಕ ಓದಿದವರು ಬೇಕಾದಷ್ಟು ಜನ ಇದ್ದಾರೆ. ‘ಟ್ವಿಸ್ಟ್ ಸೂಪರ್’ ಎನ್ನುತ್ತಾರೆ. ‘ಮಧ್ಯದಲ್ಲಿ ಸ್ವಲ್ಪ ಎಳೆದಿದ್ದಾರೆ’ ಎನ್ನುತ್ತಾರೆ. ‘ಅವಳು ಎಷ್ಟು ಪೆದ್ದಿ, ಮೊದಲೇ ಹೇಳಬಾರದಿತ್ತಾ’ ಎಂದು ಅವಳ ಮೇಲೆಯೇ ರೇಗುತ್ತಾರೆ. ಅವಳನ್ನು ತಪ್ಪು ತಿಳಿದೆನಲ್ಲ ಎಂದು ಸಂಕಟಪಟ್ಟವರನ್ನು ನಾನು ನೋಡಿಲ್ಲ. ಪುಸ್ತಕ ಮುಚ್ಚಿ ಇನ್ನೊಂದು ತೆಗೆದುಕೊಳ್ಳುತ್ತಾರೆ. ಅದರಲ್ಲೂ ಒಬ್ಬಳು ಅಳದೆ ಕೂತಿರುತ್ತಾಳೆ.

ಕೊನೆಯದಾಗಿ ಈ ಕಥೆಗಳು ನಿಲ್ಲುವ ಜಾಗ. ನಿಜವಾದ ಕೊಲೆಗಾರ ಸಿಕ್ಕಿದ ಮೇಲೆ ಅವಳಿಗೆ ಉಳಿಯುವುದು ಒಂದೋ ಎರಡೋ ಪುಟ. ಕೋರ್ಟಿನ ಮೆಟ್ಟಿಲಿಳಿದು ಗಾಳಿಗೆ ಮುಖ ಒಡ್ಡುತ್ತಾಳೆ, ಮುಗಿಯಿತು. ಇಂಗ್ಲೆಂಡಿನ ವಕೀಲೆ ಸ್ಯಾಲಿ ಕ್ಲಾರ್ಕ್ ಎರಡು ಕೂಸುಗಳನ್ನು ಕೊಂದರು ಎಂದು 1999ರಲ್ಲಿ ಶಿಕ್ಷೆಯಾಯಿತು. ಒಂದೇ ಮನೆಯಲ್ಲಿ ಎರಡು ಸಹಜ ಸಾವು ಆಗುವ ಸಾಧ್ಯತೆ 7.3 ಕೋಟಿಯಲ್ಲಿ ಒಂದು ಎಂದು ಒಬ್ಬ ವೈದ್ಯರು ಕೋರ್ಟಿನಲ್ಲಿ ಹೇಳಿದ್ದರು. ಆ ಲೆಕ್ಕಕ್ಕೆ ಆಧಾರವಿಲ್ಲ ಎಂದು ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿ ಹೇಳಿತು. ಎರಡನೇ ಕೂಸಿಗೆ ಸೋಂಕು ಇತ್ತು ಎಂದು ತೋರಿಸುವ ಪರೀಕ್ಷೆಯ ವರದಿ ಕೋರ್ಟಿನ ಮುಂದೆ ಬಂದೇ ಇರಲಿಲ್ಲ. 2003ರಲ್ಲಿ ಅವರು ಬಿಡುಗಡೆಯಾದರು. ನಾಲ್ಕು ವರ್ಷ ಬದುಕಿದರು. 2007ರಲ್ಲಿ ಮದ್ಯ ದೇಹಕ್ಕೆ ಅತಿಯಾಗಿ ತೀರಿಕೊಂಡರು. ಬಿಡುಗಡೆಯ ಆಚೆಗಿನ ಆ ನಾಲ್ಕು ವರ್ಷ ಯಾವ ತಿರುವಿಗೂ ಕಡಿಮೆಯಲ್ಲ. ಅಲ್ಲಿಂದ ಶುರುವಾಗುವ ಥ್ರಿಲ್ಲರ್ ಬರೆಯಲಿ. ಅವಳು ನಿರಪರಾಧಿ ಎಂದು ಮೊದಲ ಸಾಲಿನಲ್ಲೇ ಹೇಳಲಿ. ಅಂಗಡಿಯಲ್ಲಿ ಹೆಸರು ಹೇಳಿದಾಗ ಎದುರಿನವರ ಕೈ ಒಂದು ಗಳಿಗೆ ನಿಲ್ಲುವುದನ್ನು, ಕೆಲಸ ಕೇಳಿ ಹೋದಲ್ಲಿ ಅರ್ಜಿ ತಿರುವಿ ಹಾಕುವುದನ್ನು, ಹಳೆಯ ಗೆಳತಿ ರಸ್ತೆಯ ಆಚೆ ದಾಟುವುದನ್ನು ಬರೆಯಲಿ. ವೋಚರ್ ಪುಸ್ತಕ ತೆರೆಯದೆ ಬಿಟ್ಟವರು ಯಾರು ಯಾರು ಎಂದು ಒಬ್ಬೊಬ್ಬರನ್ನೇ ಹುಡುಕಿ ತೆಗೆಯಲಿ. ಅನುಮಾನ ಬೇಕಿದ್ದರೆ ಅವರ ಮೇಲೆ ಬರಲಿ. ಅಂಥ ಪುಸ್ತಕ ಬಂದ ದಿನ ಅಕ್ಕನಿಗೆ ಮೊದಲ ಪುಟದಿಂದಲೇ ಓದು ಎಂದು ಕೊಡುತ್ತೇನೆ.